ಗೋಲಿನಲ್ಲಿ ನಮ್ಮ ಅತ್ತೆ

ನಮ್ಮ ಸೋದರಮಾವನ ತಲೆ ಕೆಟ್ಟಿದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೆಡುವುದಕ್ಕೆ ಅದು ಎಂದಾದರೂ ಸರಿಯಿದ್ದರೆ ತಾನೇ!

ದೊಡ್ಡೇರಿ ಕಡೆ ಪೀಟಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಈಗ ಊರಿನ ಹೆಣ್ಣುಮಕ್ಕಳಿಗೆ ಪುಕ್ಕಟೆಯಾಗಿ ಹಾಕಿ ಆಟ ಕಲಿಸುತ್ತಾರೆ. ಗೆಲ್ಲುವ ತಂಡಕ್ಕೆ ಎಂಥವರು ಬೇಕು ಎಂದು ಕೇಳಿದಿರೋ, ನಿಮ್ಮ ಕಾಫಿ ಆರಿತೆಂದೇ ಲೆಕ್ಕ.

“ಓಡೋರು ನಾಕು ಜನ ಸಾಕು ಕಣ್ಲಾ. ಒಬ್ಳು ಜಗಳಗಂಟಿ ಇರ್ಬೇಕು. ಬೈದ್ರೂ ನಗೋಳು ಒಬ್ಳು. ಮಿಕ್ಕೋರ್ಗೆ ಚೆಂಡು ಸಿಕ್ಕಿದ್ರೆ ಬ್ಯಾರೇರ್ಗೆ ಕೊಡೋ ಬುದ್ಧಿ ಇದ್ರಾಯ್ತು.”

“ಗೋಲ್‌ಕೀಪರ್ ಮಾವ?”

“ಅವ್ಳು ಅವ್ಳೆ ಬುಡು.”

ಯಾರು? ನಮ್ಮ ಅತ್ತೆ! ಅತ್ತೆ ತೀರಿಕೊಂಡು ಮೂರು ವರ್ಷವಾಯಿತು. ಬದುಕಿದ್ದಾಗ ದಿನಾ ಸಂಜೆ ಸೆರಗು ಸಿಕ್ಕಿಸಿ, ಮಧುಗಿರಿಯಲ್ಲಿ ಕೊಂಡ ಕ್ರಿಕೆಟ್ ಪ್ಯಾಡು ಕಟ್ಟಿಕೊಂಡು ಗೋಲಿನಲ್ಲಿ ನಿಲ್ಲುತ್ತಿದ್ದರು. ಮಾವನ ಒಂದು ಹೊಡೆತವನ್ನೂ ಒಳಗೆ ಬಿಟ್ಟವರಲ್ಲ. ಸಂಸಾರದಲ್ಲೂ ಅಷ್ಟೇ.

ಅವರು ಹೋದಮೇಲೆ ಮಾವ ಆ ಜಾಗದಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ಹುಡುಗಿಯರು ಖಾಲಿ ಗೋಲಿಗೇ ಹೊಡೆಯುತ್ತಿದ್ದರು. ತಮಾಷೆಯೆಂದರೆ, ಚೆಂಡು ಒಳಗೆ ಹೋಗುತ್ತಿರಲಿಲ್ಲ! ಇಳಿಜಾರಿರಬೇಕು ಎಂದು ಒಂದು ಮಧ್ಯಾಹ್ನ ನಾನೇ ಹತ್ತು ಹೆಜ್ಜೆ ದೂರದಿಂದ ಹೊಡೆದೆ. ಗಾಳಿ ನಿಂತಿತ್ತು. ಚೆಂಡು ನೆಟ್ಟಗೆ ಹೋಗಿ, ಗೆರೆಯ ಮೇಲೆ ‘ಠಪ್’ ಎಂದು ನಿಂತಿತು. ಪ್ಯಾಡಿಗೆ ಬಡಿದ ಸದ್ದು. ಪ್ಯಾಡೋ, ಮಾವನ ಮನೆಯ ಅಟ್ಟದ ಮೇಲಿತ್ತು! ಚೆಂಡು ತರಲು ನಾನು ಹೋಗಲಿಲ್ಲ. ಹುಡುಗಿಯೊಬ್ಬಳು ದೂರದಿಂದಲೇ ಸ್ಟಿಕ್ಕು ಚಾಚಿ ಎಳೆದುಕೊಟ್ಟಳು. ಅವರಿಗೆಲ್ಲ ಅಭ್ಯಾಸವಾಗಿಹೋಗಿತ್ತು.

ಇನ್ನೊಂದಿದೆ. ಸಂಜೆ ಎಳೆದ ಸುಣ್ಣದ ಗೆರೆ ಬೆಳಿಗ್ಗೆ ಗೋಲಿನ ನಟ್ಟನಡುವೆ ಎರಡು ಪಾದದಷ್ಟು ಅಳಿಸಿರುತ್ತಿತ್ತು. “ನಾಯಿ ಮಲಗಿರುತ್ತೆ ಮಾವ” ಎಂದೆ.

“ನಿಮ್ಮತ್ತೇನ ನಾಯಿ ಅಂತೀಯೇನ್ಲಾ?” ಎಂದವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಹೀಗಿರುವಾಗ ಶಿರಾದ ಪಂದ್ಯಾವಳಿಗೆ ಫಾರಂ ತುಂಬಿದರು. ಕೀಪರ್ ಎಂಬಲ್ಲಿ ಅತ್ತೆಯ ಹೆಸರು! ಅಲ್ಲಿಂದ ಫೋನ್ ಬಂತು.

“ಸಾರ್, ಕೀಪರ್‌ದು ಆಧಾರ್ ಇಲ್ಲ.”

“ಅದು ಅವ್ಳ ಜತೇನೇ ಹೋಯ್ತು.”

“ಹೋಗ್ಲಿ, ಅವರನ್ನೇ ಕಳಿಸಿ ಸಾರ್.”

“ಬರ್ತಾಳೆ. ನಿಮ್ಗೆ ಕಾಣ್ಬೇಕಲ್ಲ!”

ಫೋನ್ ಕಟ್ಟಾಯಿತು. ಸಂಜೆಯೊಳಗೆ ಬೇರೆ ಕೀಪರ್ ಹೆಸರು ಬರದಿದ್ದರೆ ತಂಡವನ್ನೇ ಸೇರಿಸುವುದಿಲ್ಲ ಎಂದು ಮೆಸೇಜು ಬಂತು.

ವರ್ಷವೆಲ್ಲ ಬಿಸಿಲಲ್ಲಿ ಓಡಿದ್ದ ಹುಡುಗಿಯರು ಮಾವನ ಮುಂದೆ ತಲೆ ತಗ್ಗಿಸಿ ನಿಂತರು. ಬೈದರೂ ನಗುವವಳು ಅವತ್ತು ನಗಲಿಲ್ಲ. “ನಾನು ನಿಂತ್ಕಳ್ಲಾ ಸಾ? ಅಮ್ಮೋರು ಬೈಯಲ್ವಾ?” ಎಂದಳು.

ಮಾವ ಮನೆಗೆ ಹೋಗಿ ಅಟ್ಟದಿಂದ ಪ್ಯಾಡು ಇಳಿಸಿ ತಂದರು. ಮಂಡಿಯೂರಿ ತಾವೇ ಅವಳ ಕಾಲಿಗೆ ಕಟ್ಟಿದರು. ಆಮೇಲೆ ಖಾಲಿ ಗೋಲಿನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

“ವಸಿ ಸರ್ಕೊಳ್ಳೇ. ಮಗು ನಿಂತ್ಕಬೇಕು.”

ನನಗೆ ಹೆದರಿಕೆಯಾಗಲಿಲ್ಲ. ಅಳು ಬಂತು. ಆ ಹುಡುಗಿಯ ಹೆಸರು ಅವತ್ತೇ ಶಿರಾಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ನೋಡಿದರೆ ಗೋಲಿನ ನಡುವೆ ಗೆರೆ ಬೆಳ್ಳಗೆ ಹಾಗೇ ಇತ್ತು. ಎಡಗಡೆಯ ಕಂಬದ ಪಕ್ಕ ಮಾತ್ರ ಎರಡು ಪಾದದಷ್ಟು ಅಳಿಸಿತ್ತು. ಮಾವ ಸುಣ್ಣದ ಬಕೆಟ್ಟು ಹಿಡಿದು ಬಂದು, ಅಷ್ಟು ಜಾಗ ಬಿಟ್ಟು ಮಿಕ್ಕ ಗೆರೆಯನ್ನೆಲ್ಲ ತಿದ್ದಿದರು.