ಹುದ್ದಾರರ ನಾಲ್ಕು ಆಂಟೆನಾ ಮತ್ತು ದಿಟಮಾಪಕ

ಭಾನುವಾರ ಸಂಜೆ ಐದೂವರೆಗೆ ಹುಬ್ಬಳ್ಳಿಯ ಒಂದು ಮಾಳಿಗೆಯ ಮೇಲೆ ಶ್ರೀಪಾದ ಹುದ್ದಾರರು ಪೆಟ್ಟಿಗೆಯೊಂದರ ಮೇಲಿನ ಟವೆಲ್ ಸರಿಸಿ, ಭಾಷಣಕ್ಕೆ ನಿಂತವರಂತೆ ಕೆಮ್ಮಿದರು. ನೋಡಲು ಬಂದವರು ಇಬ್ಬರೇ, ಕೆಳಮನೆಯ ಕಸ್ತೂರಕ್ಕ ಮತ್ತು ಆಕೆಯ ಗಂಡ ಮಹಾಂತೇಶ. ಮಹಾಂತೇಶ ನಿಜಕ್ಕೂ ಬಂದದ್ದು ಒಣಗಿದ ಬಟ್ಟೆ ಒಯ್ಯಲಿಕ್ಕೆ.

"ಇದರ ಹೆಸರು ದಿಟಮಾಪಕ," ಎಂದರು ಹುದ್ದಾರರು. "ಇದರ ಮುಂದ ಯಾರೂ ಬಾಯಿಮಾತಿಗೆ ಹೊಗಳಂಗಿಲ್ಲ."

"ಆಂಟೆನಾಕ್ಕೂ ಇದಕ್ಕೂ ಏನ್ರಿ ಸಂಬಂಧ, ಕಾಕಾ?" ಎಂದಳು ಕಸ್ತೂರಕ್ಕ. "ನಾಲ್ಕು ಆಂಟೆನಾ ಕಟ್ಟಿ ನನ್ನ ಹಪ್ಪಳಾ ಒಣಗಸೋ ಜಾಗಾನೆಲ್ಲಾ ನುಂಗೀರಿ. ಒಂದು ಇಟ್ಟು ಮೂರು ತಗೀತೀನಿ ಅಂದು ಎರಡು ವರ್ಷ ಆತು."

"ಯಾವದು ಇಡಬೇಕು ಅನ್ನೂದು ತಿಳದರ ಇಷ್ಟೊತ್ತಿಗೆ ತಗದಿರ್ತಿದ್ದೆ."

ಹುದ್ದಾರರು ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತರಾದವರು, ಮನೆಯಿಂದಲೇ ದೂರದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೊದ, ಅಂದರೆ ಹ್ಯಾಮ್ ರೇಡಿಯೊದ, ಹುಚ್ಚಿನವರು. ಹತ್ತಿರದವರೊಡನೆ ಮಾತಿಗೆ ಒಂದು ತರಂಗಪಟ್ಟಿ, ದೂರದವರೊಡನೆ ಇನ್ನೊಂದು. ಎಲ್ಲಕ್ಕೂ ಒದಗುವ ಒಂದೇ ಆಂಟೆನಾ ಅವರಿಗೆ ಬೇಕಿತ್ತು. ಉದ್ದ ತಂತಿಯದೊಂದು, ನೆಟ್ಟಗೆ ನಿಂತ ಕೊಳವೆಯದೊಂದು, ನಡುನಡುವೆ ಸುರುಳಿ ಇರುವುದೊಂದು, ತಾವೇ ಹೊಸೆದದ್ದೊಂದು. ನಾಲ್ಕಕ್ಕೂ ಸಿಕ್ಕಿದ್ದು ಒಂದೇ ಉತ್ತರ, "ಫೈವ್ ನೈನ್!" ಹ್ಯಾಮ್ ಮಂದಿಯಲ್ಲಿ ಅದು ನೂರಕ್ಕೆ ನೂರು ಅಂಕ. ನನ್ನ ದನಿ ಹೇಗೆ ಕೇಳುತ್ತಿದೆ ಎಂದು ವಿಚಾರಿಸಿದರೆ, ಮದುವೆಯ ಊಟ ಹೊಗಳಿದ ಹಾಗೆ ಎಲ್ಲರೂ ಫೈವ್ ನೈನ್ ಎಂದೇ ಅನ್ನುತ್ತಾರೆ. ಅಂದವರೇ ಮರುಗಳಿಗೆ, ನಿಮ್ಮೂರು ಯಾವುದು, ಕೇಳಿಸಲಿಲ್ಲ ಎನ್ನುತ್ತಾರೆ.

ಬೇರೆಯವರ ಮಾತು ಹಾಳಾಗಲಿ, ಹುದ್ದಾರರಿಗೆ ಬೇಕಾದದ್ದು ಸೊಲ್ಲಾಪುರದ ಮಾಶಾಳರ ಮಾತು. ಹನ್ನೊಂದು ವರ್ಷದಿಂದ ದಿನಾ ಸಂಜೆ ಆರಕ್ಕೆ ಇಬ್ಬರೂ ರೇಡಿಯೊದಲ್ಲಿ ಮಾತಾಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡಿಲ್ಲ. ನಾಲ್ಕು ವರ್ಷದ ಹಿಂದೆ, ಹೆಂಡತಿ ತೀರಿಕೊಂಡ ಮೇಲೆ ಒಂದು ಸಂಜೆ ಹುದ್ದಾರರು, "ನಮ್ಮ ಅಂಬುಜಾ ಹೋದಳ್ರಿ," ಎಂದಿದ್ದರು. ಆ ಕಡೆಯಿಂದ ಬಂದ ಉತ್ತರ: "ಫೈವ್ ನೈನ್. ಭಾಳ ಸಂತೋಷ. ವೈನಿಯವರಿಗೆ ನಮಸ್ಕಾರ ಹೇಳ್ರಿ."

ಮಾಶಾಳರಿಗೆ ತನ್ನ ದನಿ ಕೇಳಿಸುತ್ತದೆಯೋ ಇಲ್ಲವೋ? ಕೇಳಲು ಹುದ್ದಾರರಿಗೆ ಧೈರ್ಯವಾಗಲಿಲ್ಲ. ದಿನಕ್ಕೊಮ್ಮೆ ಮಾತಾಡಲು ಇದ್ದವರು ಅವರೊಬ್ಬರೇ. ಅವರಿಗೂ ಏನೂ ಕೇಳಿಸಿಲ್ಲವೆಂದಾದರೆ ಇಷ್ಟು ವರ್ಷ ತಾನು ಗೋಡೆಯ ಜೊತೆ ಮಾತಾಡಿದಂತಾಯಿತಲ್ಲ ಎಂಬ ಅಂಜಿಕೆ. ಅದಕ್ಕೇ ತಪ್ಪನ್ನೆಲ್ಲ ಆಂಟೆನಾದ ಮೇಲೆ ಹೊರಿಸಿ, ಒಂದಾದ ಮೇಲೊಂದು ಕಟ್ಟುತ್ತ ಬಂದಿದ್ದರು.

ದಿಟಮಾಪಕದ ಕೆಲಸ ಸರಳ. ಅದರ ತರಂಗ ತಾಗಿದವರ ಬಾಯಿಗೆ ಉಪಚಾರದ ಸುಳ್ಳು ಬರುವುದಿಲ್ಲ. ಆದರೆ ಅದನ್ನು ಯಾವ ಆಂಟೆನಾಕ್ಕೆ ಜೋಡಿಸಬೇಕು? ಆರಿಸಲಾಗದೆ ಹುದ್ದಾರರು ನಾಲ್ಕಕ್ಕೂ ಒಟ್ಟಿಗೇ ಜೋಡಿಸಿ ಗುಂಡಿ ಒತ್ತಿದರು. ಪೆಟ್ಟಿಗೆ ಗುಂಯ್ ಎಂದಿತು.

"ಕಾಕಾ, ನಿನ್ನೆ ಕಳಿಸಿದ ಸಾರು ಹೆಂಗಿತ್ರಿ?" ಕಸ್ತೂರಕ್ಕ ಸುಮ್ಮನೆ ಕೇಳಿದಳು.

"ಬರೇ ಉಪ್ಪು. ನಾಲ್ಕು ವರ್ಷದಿಂದ್ಲೂ ಹಂಗ ಅದ," ಎಂದುಬಿಟ್ಟರು ಹುದ್ದಾರರು.

"ನನಗೂ ಗೊತ್ತದರಿ. ನಮ್ಮ ಮನಿಯವರು ಒಲ್ಲೆ ಅಂದದ್ದನ್ನ ನಿಮಗ ಕೊಡ್ತೀನಿ." ಕಸ್ತೂರಕ್ಕ ತನ್ನ ಬಾಯಿ ತಾನೇ ಮುಚ್ಚಿಕೊಂಡಳು.

ಅಷ್ಟರಲ್ಲಿ ಓಣಿ ತುಂಬ ಗದ್ದಲವೆದ್ದಿತು. ಮೂಲೆಯ ಅಂಗಡಿಯವನು, "ಈ ಖಾರಾ ಶೇವು ಹೋದ ತಿಂಗಳದ್ದು, ಒಯ್ಯಬ್ಯಾಡ್ರಿ," ಎಂದು ಗಿರಾಕಿಗಳನ್ನು ಓಡಿಸುತ್ತಿದ್ದ. ಎದುರುಮನೆಗೆ ಕನ್ಯೆ ನೋಡಲು ಬಂದವರು ಹುಡುಗಿಗಿಂತ ಅವಲಕ್ಕಿಯೇ ಛಂದ ಅಂದರು. ಹುಡುಗಿ, ಹುಡುಗನಿಗಿಂತ ಅವನ ಗಾಡಿ ಛಂದ ಅಂದಳು. ಎರಡೂ ಕಡೆಯವರು ನೆಮ್ಮದಿಯಿಂದ ಎದ್ದರು. ಚೌಕದಲ್ಲಿ ಮೈಕು ಹಿಡಿದಿದ್ದ ಪುಢಾರಿ, ಈ ವರ್ಷವೂ ನಳಕ್ಕೆ ನೀರು ಬರುವುದಿಲ್ಲವೆಂದು ಸಾರಿ, ಜೀವಮಾನದಲ್ಲೇ ಕಾಣದಷ್ಟು ಚಪ್ಪಾಳೆ ಗಿಟ್ಟಿಸಿದ.

"ಬಂದ್ ಮಾಡ್ರಿ ಕಾಕಾ," ಮಹಾಂತೇಶ ಬಟ್ಟೆಯ ಗಂಟು ಎದೆಗವಚಿ ಗೋಗರೆದ. "ಇಕಿ ನನಗೇನರ ಕೇಳೋದರಾಗ ಬಂದ್ ಮಾಡ್ರಿ."

"ಐದು ನಿಮಿಷ ತಡೀರಿ. ಆರು ಬಡೀಲಿ."

ಕಸ್ತೂರಕ್ಕ ಕೇಳುವ ಮೊದಲೇ ಮಹಾಂತೇಶ ಮೆಟ್ಟಿಲಿಳಿದು ಓಡಿದ. ಆಕೆಯೂ ಬೆನ್ನು ಹತ್ತಿದಳು. ಆರಾಗುತ್ತಲೇ ಹುದ್ದಾರರು ಅದೇ ನಾಲ್ಕು ಆಂಟೆನಾಕ್ಕೆ ಸೇರಿಸಿದ್ದ ರೇಡಿಯೊದ ಮೈಕು ಹಿಡಿದರು.

"ಮಾಶಾಳ ಅವರ, ಖರೇ ಹೇಳ್ರಿ. ನನ್ನ ದನಿ ಹೆಂಗ ಕೇಳ್ತದ?"

"ಇವತ್ತು ಲಖ್ಖ, ಸ್ವಚ್ಛ ಕೇಳಾಕತ್ತದರಿ," ಎಂದರು ಮಾಶಾಳರು. "ಇಷ್ಟು ವರ್ಷ ಹತ್ತು ಮಾತಿನಾಗ ಎರಡು ಕೇಳತಿದ್ವು. ಕೇಳಂಗಿಲ್ಲ ಅಂದಿದ್ರ ನೀವು ಬ್ಯಾರೆಯವರ ಕಡೆ ಹೋಗ್ತಿದ್ರಿ. ಸಂಜೀ ಆರಕ್ಕ ನನಗ ಮತ್ಯಾರದಾರ?"

ಹುದ್ದಾರರಿಗೆ ಸಿಟ್ಟು ಬರಲಿಲ್ಲ.

"ಅಂಬುಜಾ ತೀರಿಕೊಂಡು ನಾಲ್ಕು ವರ್ಷ ಆತ್ರಿ."



"ಶಿವಶಿವಾ," ಎಂದರು ಮಾಶಾಳರು. "ದಿನಾ ನಮಸ್ಕಾರ ಹೇಳ್ರಿ ಅಂತಿದ್ನಲ್ಲರಿ. ಹೇಳ್ತೀನಿ ಅಂತಿದ್ರಿ ನೀವು."

ಜಾರಿಕೊಳ್ಳುವ ಮಾತೊಂದು ಹುದ್ದಾರರ ನಾಲಗೆಯ ತುದಿಗೆ ಬಂತು. ಯಂತ್ರ ಬಿಡಲಿಲ್ಲ.

"ಆಕಿ ಇನ್ನೂ ಅದಾಳ ಅಂತ ತಿಳದವರು ಜಗತ್ತಿನಾಗ ನೀವೊಬ್ಬರ ಉಳದಿದ್ರಿ. ನಿಮ್ಮ ಮನಸಿನ್ಯಾಗರ ಬದುಕಿರ್ಲಿ ಅಂತ ಬಿಟ್ಟಿದ್ದೆ."

ಮಾಶಾಳರು ಮೂಗು ಒರೆಸಿಕೊಂಡದ್ದೂ ಲಖ್ಖ ಕೇಳಿಸಿತು. "ಹಂಗಾರ ನಾಳಿಂದ ನಮಸ್ಕಾರ ಹೇಳೂದು ಬಿಡಲೇನ್ರಿ?"

"ಬಿಡಬ್ಯಾಡ್ರಿ," ಎಂದರು ಹುದ್ದಾರರು.

ಅಷ್ಟೊತ್ತಿಗೆ ಪೆಟ್ಟಿಗೆಯಿಂದ ಹೊಗೆ ಬಂತು. ನಾಲ್ಕೂ ಆಂಟೆನಾಗಳು ಬುಡ ಕಿತ್ತುಕೊಂಡು ಒಂದನ್ನೊಂದು ತಬ್ಬಿ, ಹೊಸೆದು, ಮತ್ತೆ ಬಿಚ್ಚಲಾಗದಂಥ ಒಂದೇ ಗಂಟಾಗಿ ಕೂತವು. ಹಪ್ಪಳದ ಜಾಗ ಪೂರ್ತಿ ಖಾಲಿಯಾಯಿತು. ಓಣಿಯಲ್ಲಿ ಎಲ್ಲರೂ ಮೊದಲಿನಂತೆ ಸಭ್ಯರಾದರು.

ಮರುದಿನ ಹುದ್ದಾರರು ಆ ಗಂಟಿಗೇ ರೇಡಿಯೊ ಜೋಡಿಸಿದರು. ಸೊಲ್ಲಾಪುರಕ್ಕೆ ಮತ್ತೆ ಹತ್ತು ಮಾತಿನಲ್ಲಿ ಎರಡೇ ಮುಟ್ಟಿದವು. ಮಾಶಾಳರು ವೈನಿಗೆ ನಮಸ್ಕಾರ ಹೇಳಿದರು, ಹುದ್ದಾರರು ತಿಳಿಸುತ್ತೇನೆ ಅಂದರು. ಇನ್ನೊಂದು ಆಂಟೆನಾ ಕಟ್ಟುವ ಯೋಚನೆ ಇದೆಯೇ ಎಂದು ಕಸ್ತೂರಕ್ಕ ಕೆಳಗಿನಿಂದ ಕೂಗಿ ಕೇಳಿದಳು. ಇಷ್ಟು ಕೇಳಿಸಿದರೆ ಸಾಕು ಎಂದರು ಹುದ್ದಾರರು.