ಫಿಟ್‌ನೆಸ್ಸಿಗೆ ಹೊರಟ ಲಾರಿ

ಹಳೇ ಲಾರಿಯ ಫಿಟ್‌ನೆಸ್ ಸರ್ಟಿಫಿಕೇಟು ಇವತ್ತಿಗೇ ಮುಗಿಯುತ್ತದೆ ಎಂಬುದು ಕಾಗದಪ್ಪನಿಗೆ ಹೊಳೆದದ್ದು ಮಧ್ಯಾಹ್ನ, ಬಾಯಿಗಿಟ್ಟ ತುತ್ತು ಗಂಟಲಿಳಿಯುವ ಮುಂಚೆ. ಲಾರಿ ಕಂಪನಿಯ ಪರ್ಮಿಟ್ಟು, ವಿಮೆ, ಹೊಗೆ ತಪಾಸಣೆ ಎಲ್ಲ ಅವನ ತಲೆಯ ಮೇಲೆಯೇ. ಶೆಡ್ಡಿನವರು ಆ ಹೆಸರಿಟ್ಟದ್ದೂ ಅದಕ್ಕೇ. ಸಾಲದ್ದಕ್ಕೆ ಮಾಲೀಕ ಅವನ ಹೆಂಡತಿಯ ಅಣ್ಣ.

“ನಾಳೆ ಅದು ಲೋಡಿಗೆ ಹೋಗ್ಬೇಕು. ಇವತ್ತು ಪಾಸಾಗ್ಲಿಲ್ಲವೋ, ತಂಗಿ ಗಂಡ ಅಂತ ನೋಡಲ್ಲ, ಕೆಲಸದಿಂದ ತೆಗೆದುಬಿಡ್ತೀನಿ!” ಎಂದು ಭಾವ ಫೋನಿನಲ್ಲಿ ಗುಡುಗಿದ.

ಆ ಲಾರಿಯ ಅವಸ್ಥೆಯೋ, ದೇವರಿಗೇ ಪ್ರೀತಿ. ದೀಪ ಕುರುಡು, ಹಾರ್ನ್ ಮೂಕ, ಟೈರು ಬೋಳು. ಪಕ್ಕದಲ್ಲೇ ಅದೇ ಮಾಡೆಲ್ಲಿನ ಹೊಸ ಲಾರಿ ಮದುಮಗನ ಹಾಗೆ ನಿಂತಿತ್ತು. ಕಾಗದಪ್ಪ ಮೆಕ್ಯಾನಿಕ್‌ನ ಕೈ ಹಿಡಿದುಕೊಂಡ.

“ಅಣ್ಣಾ, ಅದರಲ್ಲಿ ಚೆನ್ನಾಗಿರೋದೆಲ್ಲ ಬಿಚ್ಚಿ ಇದಕ್ಕೆ ಹಾಕ್ಬಿಡು. ಸಂಜೆ ವಾಪಸ್ ಹಾಕಿದ್ರಾಯ್ತು.”

ಸಲಹೆ ಕೊಡಲು ಇಡೀ ಶೆಡ್ಡೇ ಬಂತು. ಡ್ರೈವರ್ “ಮೊದ್ಲು ಬ್ರೇಕ್ ನೋಡಿ” ಎಂದ. ವಾಚ್‌ಮನ್ “ಬ್ರೇಕ್ ಯಾರಿಗೆ ಕಾಣುತ್ತೆ ಮಾರಾಯ, ಟೈರ್ ಎತ್ತು” ಎಂದ. ಯಾರು ಏನು ಬಿಚ್ಚಿ ಎಲ್ಲಿಗೆ ಹಾಕುತ್ತಿದ್ದಾರೆಂದು ಕಾಗದಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಒಮ್ಮೆ ನೋಡಿದರೆ, ಹಾಕಿದ ದೀಪವನ್ನೇ ಬಿಚ್ಚಿ ಮತ್ತೆ ಹೊಸ ಲಾರಿಗೆ ಹಾಕುತ್ತಿದ್ದರು.

“ಅಯ್ಯೋ, ಅದಕ್ಕಲ್ರೋ, ಇದಕ್ಕೆ!”

“ಅದು ಯಾವ್ದು, ಇದು ಯಾವ್ದು? ಸರಿಯಾಗಿ ಹೇಳ್ರೀ!” ಎಂದು ಡ್ರೈವರೇ ರೇಗಿದ.

ಅಂತೂ ಇಂತೂ ಆರ್‌ಟಿಓ ಕಚೇರಿ ಬಾಗಿಲು ಹಾಕುವ ಹೊತ್ತಿಗೆ ಲಾರಿ ಒಳಗೆ ನುಗ್ಗಿತು. ಇನ್ಸ್‌ಪೆಕ್ಟರ್ ಮನೆಗೆ ಹೊರಡುವ ಅವಸರದಲ್ಲಿದ್ದರು. ಸುತ್ತು ಹಾಕಿದರು, ಹಾರ್ನ್ ಒತ್ತಿದರು, ಟೈರಿಗೆ ಒದ್ದರು, ತಲೆದೂಗಿದರು. ಆಮೇಲೆ ಕಂಪ್ಯೂಟರಿನಲ್ಲಿ ನಂಬರು ಕುಟ್ಟಿದವರು ಹುಬ್ಬು ಮೇಲೇರಿಸಿದರು.

“ಏನ್ರೀ ಇದು? ಈ ಲಾರಿಗೆ ಮುಂದಿನ ವರ್ಷದವರೆಗೂ ಫಿಟ್‌ನೆಸ್ ಇದೆ. ಈಗ್ಲೇ ಯಾಕ್ರೀ ತಂದ್ರಿ? ಇಂಥ ಶಿಸ್ತು ನಾನೆಲ್ಲೂ ನೋಡಿಲ್ಲಪ್ಪ. ಹೋಗಿ, ಇದಕ್ಕೆ ಸದ್ಯಕ್ಕೇನೂ ಬೇಡ.”

ಅಷ್ಟು ಹೇಳಿ ಕಂಪ್ಯೂಟರ್ ಆರಿಸಿ, ಬಾಗಿಲಿಗೆ ಬೀಗ ಹಾಕಿ ಹೊರಟೇಬಿಟ್ಟರು.

ಕಾಗದಪ್ಪ ಬೆಪ್ಪಾಗಿ, ಜೊತೆಗೆ ಬಂದಿದ್ದ ಮೆಕ್ಯಾನಿಕ್‌ನತ್ತ ತಿರುಗಿದ.

“ನಂಬರ್ ಪ್ಲೇಟ್ ತುಕ್ಕು ಹಿಡಿದು ಅಸಹ್ಯವಾಗಿತ್ತು ಸಾರ್,” ಎಂದ ಅವನು ಹೆಮ್ಮೆಯಿಂದ. “ಅದಕ್ಕೇ ಹೊಸ ಲಾರಿದು ಹಾಕಿದೀನಿ. ಎಷ್ಟು ಲಕ್ಷಣವಾಗಿದೆ ನೋಡಿ!”

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಭಾವ.

“ಏನಾಯ್ತೋ? ಇನ್ಸ್‌ಪೆಕ್ಟರು ಏನಂದ್ರು?”

“ತುಂಬಾ ಹೊಗಳಿದ್ರು ಭಾವಾ. ಲಾರಿ ಫಸ್ಟ್ ಕ್ಲಾಸ್ ಇದೆಯಂತೆ,” ಕಾಗದಪ್ಪ ತೊದಲಿದ. “ಯಾವ ಲಾರಿ ಅಂತ ಮಾತ್ರ ದಯವಿಟ್ಟು ಕೇಳ್ಬೇಡಿ.”