ಗೋಸುಂಬೆಗೆ ಹಚ್ಚಿದ ಸಲೈನು

ಗುಳೇದಗುಡ್ಡದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಾಶಪ್ಪ ಮಾಸ್ತರರಿಗೆ ಇದ್ದ ಆಸ್ತಿ ಎರಡೇ: ಒಂದು ತಲೆ, ಇನ್ನೊಂದು ಮೀಸೆ. ತಲೆಯೊಳಗೆ ಏನಿದೆಯೆಂಬುದು ಊರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಮೀಸೆ ಮಾತ್ರ ಜಗಜ್ಜಾಹೀರು! ತರಗತಿಗೆ ಮೊದಲು ಮೀಸೆ ಬರುತ್ತಿತ್ತು, ಆಮೇಲೆ ಮಾಸ್ತರರು ಬರುತ್ತಿದ್ದರು.

೧೯೭೮ರಲ್ಲಿ ಶಿವರಾತ್ರಿ ಮುಗಿದ ವಾರ ಆ ಮೀಸೆಯನ್ನೇ ಅವರು ಪಣಕ್ಕಿಟ್ಟರು. ಹದಿನೈದು ದಿನಕ್ಕೆ ಬಾದಾಮಿಯಲ್ಲಿ ತಾಲೂಕಿನ ವಿಜ್ಞಾನ ಪ್ರದರ್ಶನ. ಬೇಲಿಯಲ್ಲಿ ಸಿಕ್ಕ ಗೋಸುಂಬೆಯೊಂದನ್ನು ಸಾಕಿ, ಜೀವಂತ ತೋರಿಸುತ್ತೇನೆಂದು ಅವರು ಸ್ಟಾಫ್‌ ರೂಮಿನಲ್ಲಿ ಸಾರಿದರು. ಇತಿಹಾಸದ ಬಂಡೆಪ್ಪ ಮಾಸ್ತರರು ನಕ್ಕರು. ಹಿಂದಿನ ವರ್ಷ ಅವರೂ ಒಂದನ್ನು ಸಾಕಿದ್ದರು. ಮುಂದೆ ಬಟ್ಟಲು ತುಂಬ ನೀರಿದ್ದರೂ ಅದು ಎಂಟನೆಯ ದಿನ ನೀರಡಿಸಿ ಸತ್ತಿತ್ತು.

"ಬಂಡೆಪ್ಪನವರ, ನಿಂತ ನೀರು ಅದರ ಕಣ್ಣಿಗೆ ನೀರ ಅಲ್ರಿ! ಎಲಿ ಮ್ಯಾಲೆ ಹನಿ ಹೊಳದ್ರ ಅಷ್ಟ ನಾಲಿಗಿ ಚಾಚತೈತಿ. ಅದಕ್ಕ ಮಳಿ ಬೇಕು. ಆ ಮಳಿ ನಾ ತರಸ್ತೇನಿ!"

"ಈ ಬ್ಯಾಸಿಗ್ಯಾಗ? ಇಂದ್ರನ ಕೈಲೆ ಆಗಲಾರದ್ದು ನಿಮ್ಮ ಕೈಲೆ ಆಗತೈತೇನ್ರಿ?"

"ನನ್ನ ಯಂತ್ರದ ನೀರು ಕುಡದು ಹದಿನೈದು ದಿನ ಬದುಕಲಿಲ್ಲ ಅಂದ್ರ ಈ ಮೀಸಿ ಬೋಳಿಸ್ತೇನಿ. ಬದುಕಿದ್ರ ನೀವು ಬೋಳಿಸ್ರಿ!"

ಬಂಡೆಪ್ಪ ಮಾಸ್ತರರು ಒಪ್ಪಿದರು. ಅವರ ಮೀಸೆ ಇದ್ದರೂ ಹೋದರೂ ಗುರುತಿಸುವವರು ಕಡಿಮೆ.

ಕಾಶಪ್ಪನವರ ಮನೆಯಲ್ಲಿ ಎತ್ತರದ ತೊಲೆ, ಒಳ್ಳೆಯ ಬೆಳಕು ಇದ್ದದ್ದು ಮಗ್ಗದ ಕೋಣೆಯೊಂದರಲ್ಲೇ. ಅಲ್ಲಿ ಹೆಂಡತಿ ಗುರುಲಿಂಗವ್ವ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕುಪ್ಪಸದ ಖಣ ನೇಯುತ್ತಿದ್ದಳು. ಬಿಸಿಲಿಗೆ ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ಎಳೆಗಳು ಒಣಗಿ ಹರಿಯಬಾರದೆಂದು ತಂಬಿಗೆಯಿಂದ ಬಾಯ್ತುಂಬ ನೀರು ತುಂಬಿಕೊಂಡು 'ಫುರ್ರ್' ಎಂದು ಮೇಲೆ ಊದುವುದು ಅವಳು ತವರಿನಿಂದ ಕಲಿತು ಬಂದ ಪದ್ಧತಿ.

"ಏನ್ರಿ ಅದು?" ಎಂದಳು, ಗಂಡನ ಕೈಯಲ್ಲಿದ್ದ ಗೋಸುಂಬೆಯನ್ನು ನೋಡಿ.

"ವಿಜ್ಞಾನ!"

"ನಿಮ್ಮ ವಿಜ್ಞಾನ ಒಂದು ಕಣ್ಣು ಆಕಡೆ, ಒಂದು ಕಣ್ಣು ಈಕಡೆ ಯಾಕ ತಿರಗಿಸಾಕತ್ತೈತಿ? ಇರ್ಲಿ ಬಿಡ್ರಿ. ನನ್ನ ಮಗ್ಗದ ತಂಟೇಕ ಬಂದ್ರ ಮಾತ್ರ ಅದಕ್ಕೂ ನಿಮಗೂ ಕಟ್ಟಿ ಮ್ಯಾಲೆ ಹಾಸಿಗಿ!"

ಯಂತ್ರ ಸಿದ್ಧವಾಯಿತು. ದವಾಖಾನೆಯ ಕಂಪೌಂಡರ್ ಅಹ್ಮದಸಾಬನನ್ನು ಕಾಡಿ ಬೇಡಿ ತಂದ ಹಳೆಯ ಸಲೈನ್ ಬಾಟಲಿ ತೊಲೆಗೆ ತಲೆಕೆಳಗಾಗಿ ತೂಗಿತು. ಅದು ಬರಿದಾಗದಂತೆ ಅಟ್ಟದ ಮೇಲೆ ನೀರಿನ ಹಂಡೆಯಿಟ್ಟು ಒಂದು ನಳಿ ಜೋಡಿಸಿದರು. ಕೆಳಗಿನ ಕೆಂಪು ರಬ್ಬರ್ ನಳಿಯ ತುದಿಗೆ ಸೂಜಿಯಿಂದ ತೂತು ಕೊರೆದ ಮುಚ್ಚಳ. ಅದರ ಕೆಳಗೆ ಡಬ್ಬಿಯ ಮಣ್ಣಿನಲ್ಲಿ ನೆಟ್ಟ ಬೇವಿನ ಟೊಂಗೆ, ಟೊಂಗೆಯ ಮೇಲೆ ಗೋಸುಂಬೆ ಮಹಾರಾಜರು. 'ಕಾಶಪ್ಪ ವರ್ಷಧಾರಾ ಯಂತ್ರ' ಎಂದು ಸುಣ್ಣದಲ್ಲಿ ಗೋಡೆಗೆ ಬರೆದು, ನಳಿಗೆ ಹಚ್ಚಿದ ಪುಟ್ಟ ಚಕ್ರ ತಿರುವಿ ನೀರು ಬಿಟ್ಟು, ಮೀಸೆ ತೀಡುತ್ತ ಶಾಲೆಗೆ ಹೋದರು. ಗುರುಲಿಂಗವ್ವ ನೇಯ್ದ ಖಣ ಕೊಟ್ಟುಬರಲು ಪೇಟೆಗೆ ಹೋದಳು.

ಪಕ್ಕದ ಮನೆಯ ಸುಂದರವ್ವ ಕಿಟಕಿಯಿಂದ ಇಣುಕಿದಳು. ಕಂಡದ್ದು ತೂಗುವ ಬಾಟಲಿ, ಇಳಿಬಿದ್ದ ಕೆಂಪು ನಳಿ. ಸಾಕಾಯಿತು! "ಮಾಸ್ತರಿಗೆ ಸಲೈನ್ ಹಚ್ಯಾರ!" ಎಂಬ ಸುದ್ದಿ ಓಣಿಯೆಲ್ಲ ಹಬ್ಬಿತು.

ಸಂಜೆ ಕಾಶಪ್ಪನವರು ಮನೆಗೆ ಬಂದರೆ ಪಡಸಾಲೆಯ ತುಂಬ ಜನ, ಕೈಕೈಯಲ್ಲಿ ಮೋಸಂಬಿ. ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. "ಎಂಥಾ ಮನಶ್ಯಾರಿ! ಒಬ್ಬರಿಗೆ ಗದರಿದವರಲ್ಲ," ಎಂದ ಒಬ್ಬ. "ಅಂಥಾ ಮೀಸಿ ಜಿಲ್ಲಾದಾಗ ಇಲ್ಲ ಬಿಡು," ಎಂದ ಇನ್ನೊಬ್ಬ. ಯಾರಿಗೋ ಬಹಳ ಜಡ್ಡಾಗಿದೆಯೆಂದು ಮಾಸ್ತರರೂ ಬಾಗಿಲಲ್ಲೇ ನಿಂತು ಮರುಗಿದರು. ಹೊಗಳಿಕೆ ತಮ್ಮದೇ ಎಂದು ತಿಳಿದ ಮೇಲೂ ಅಲ್ಲಾಡಲಿಲ್ಲ. ಇಷ್ಟು ಹೊಗಳಿಕೆ ಪುಕ್ಕಟೆ ಸಿಗುವಾಗ ಯಾವ ಮೂರ್ಖ ಒಳಗೆ ಹೋಗುತ್ತಾನೆ?

ಅಷ್ಟರಲ್ಲಿ ಪೇಟೆಯಿಂದ ಬಂದ ಗುರುಲಿಂಗವ್ವ ಜನರನ್ನು ಕಂಡು ಗಾಬರಿಯಾಗಿ ನೇರ ಮಗ್ಗದ ಕೋಣೆಗೆ ನುಗ್ಗಿ, ಕುಣಿಯಲ್ಲಿ ಕಾಲಿಟ್ಟಳು. 'ಝಳಕ್!' ಹಂಡೆಯ ನೀರೆಲ್ಲ ಹರಿದು ಕುಣಿಯಲ್ಲಿ ನಿಂತಿತ್ತು!

"ಮಗ್ಗದ ಕುಣ್ಯಾಗ ಬಾವಿ ತೋಡೀರೇನ್ರಿ? ನಾ ಖಣ ನೇಯ್ಲೋ, ಮೀನ ಹಿಡೀಲೋ?"

ಬಾಗಿಲಲ್ಲಿ ನಿಂತ ಗಟ್ಟಿಮುಟ್ಟಾದ ರೋಗಿಯನ್ನು ಕಂಡು ಜನ ಒಬ್ಬೊಬ್ಬರಾಗಿ ಎದ್ದರು. ಮೋಸಂಬಿಗಳೂ ಅವರೊಂದಿಗೇ ಹೋದವು.

ಅಂದಿನಿಂದ ಮನೆಯಲ್ಲಿ ಹೊಸ ಕಾಯಿದೆ. ಹಂಡೆ ಅಟ್ಟದಿಂದ ಇಳಿಯಿತು, ಬಾಟಲಿ ಮಾತ್ರ ಉಳಿಯಿತು. "ನೀವು ಸಾಲಿಗೆ ಹೋದ ಮ್ಯಾಲೆ ಅದನ್ನ ನಾ ನೋಡಕೋತೇನಿ," ಎಂದಳು ಗುರುಲಿಂಗವ್ವ. ದಿನಾ ಬೆಳಿಗ್ಗೆ ಮಾಸ್ತರರು ಬಾಟಲಿ ತುಂಬಿ ಹೋಗುವರು, ಸಂಜೆ ಬಂದರೆ ಖಾಲಿ! ಗೋಸುಂಬೆ ಹಚ್ಚಗೆ, ದುಂಡಗೆ ಕೂತಿರುತ್ತಿತ್ತು. ಸ್ಟಾಫ್‌ ರೂಮಿನಲ್ಲಿ ಕಾಶಪ್ಪನವರ ಎದೆ ದಿನಕ್ಕೊಂದು ಅಂಗುಲ ಉಬ್ಬಿತು. ಬಂಡೆಪ್ಪ ಮಾಸ್ತರರ ಕೈ ತಂತಾನೇ ಮೂಗಿನ ಕೆಳಗೆ ಹೋಗತೊಡಗಿತು.

ಹದಿನೈದನೆಯ ದಿನ ಬಾದಾಮಿ. ಬನಶಂಕರಿಗೂ ಹೋಗಿಬರೋಣವೆಂದು ಗುರುಲಿಂಗವ್ವನೂ ಜೊತೆಗೆ ಬಂದಿದ್ದಳು. ಪಣ ಏನಾಗುವುದೋ ನೋಡಲು ಬಂಡೆಪ್ಪ ಮಾಸ್ತರರೂ ಬಂದಿದ್ದರು. ಶಿಕ್ಷಣ ಇಲಾಖೆಯ ಸಾಹೇಬರು ಯಂತ್ರದ ಮುಂದೆ ನಿಂತರು. "ಈಗ ನೋಡ್ರಿ, ಸಾಹೇಬ್ರ!" ಎಂದು ಕಾಶಪ್ಪನವರು ಚಕ್ರ ತಿರುವಿದರು. ಕೆಂಪು ನಳಿ ಅಲ್ಲಾಡಿತು. ಗೋಸುಂಬೆ ಅದನ್ನು ಹಾವೆಂದು ತಿಳಿಯಿತೋ ಏನೋ, ಮೈ ಕಪ್ಪು ಮಾಡಿಕೊಂಡು ಟೊಂಗೆಯ ಆಚೆ ತುದಿಗೆ ಸರಿದುಬಿಟ್ಟಿತು. ಎರಡು ನಿಮಿಷ, ಐದು ನಿಮಿಷ! ನಾಲಿಗೆ ಹೊರಗೆ ಬರಲೇ ಇಲ್ಲ. ಕಾಶಪ್ಪನವರ ಮೀಸೆಯ ಮೇಲೆ ಬೆವರಿಳಿಯಿತು.

"ಸರೀರಿ ಇತ್ತಾಗ," ಎಂದಳು ಗುರುಲಿಂಗವ್ವ. ತಂಬಿಗೆಯಿಂದ ಬಾಯ್ತುಂಬ ನೀರು ತೆಗೆದುಕೊಂಡು 'ಫುರ್ರ್' ಎಂದಳು. ಎಲೆಗಳ ಮೇಲೆಲ್ಲ ಸಣ್ಣ ಹನಿಗಳು ಹೊಳೆದವು. ನಾಲ್ಕು ಹನಿ ಸಾಹೇಬರ ಕೋಟಿನ ಮೇಲೂ ಹೊಳೆದವು. ಗೋಸುಂಬೆ ಗಬಗಬ ನೆಕ್ಕತೊಡಗಿತು!

"ಹದಿನೈದು ದಿನ ಹಿಂಗs ಕುಡದೈತ್ರಿ," ಎಂದಳು. "ನಳಿಗೆ ಅಂಜಿ ಮಗ್ಗದ ಕಡೆ ಬರತಿತ್ತು. ಹಾಸಿನ ಎಳಿಗೆ ಊದುವಾಗ ಅದಕ್ಕೂ ಒಂದೀಟು ಊದತಿದ್ದೆ."

"ಮತ್ತ ಬಾಟ್ಲಿ ಖಾಲಿ ಆಗತಿತ್ತಲ್ಲ!" ಎಂದರು ಕಾಶಪ್ಪನವರು.

"ಅದನ್ನ ನನ್ನ ತಂಬಿಗಿಗೆ ಸುರಕೋತಿದ್ದೆ. ದಿನಾ ಸಂಜೀಕ ಖಾಲಿ ಬಾಟ್ಲಿ ನೋಡಿ ಅಷ್ಟ ಖುಷಿ ಪಡತಿದ್ರಿ. ಹ್ಯಾಂಗ ಹೇಳ್ಲಿ?"

"ಕೇಳಿದ್ರೇನ್ರಿ? ನೀರು ನನ್ನ ಬಾಟ್ಲೀದು! ಪಣ ನಾನs ಗೆದ್ದೆ!" ಎಂದು ಕಾಶಪ್ಪನವರು ಬಂಡೆಪ್ಪನವರ ಕಡೆ ತಿರುಗಿದರು.

"ಬಾಟ್ಲಿ ನಿಮ್ದು ಖರೆ, ಮಾಸ್ತರ," ಎಂದರು ಬಂಡೆಪ್ಪನವರು, "ಯಂತ್ರ ಅವರ್ದು."

ಸಾಹೇಬರು ನಕ್ಕು, ಮೊದಲ ಬಹುಮಾನದ ಕಾಗದದ ಮೇಲೆ 'ಶ್ರೀಮತಿ ಗುರುಲಿಂಗವ್ವ' ಎಂದು ಬರೆದರು. ಅವಳು ವೇದಿಕೆ ಹತ್ತಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಕಾಶಪ್ಪ ಮಾಸ್ತರರೇ. ಮೀಸೆ ಹೋಗುವ ಸಂಕಟ ಒಂದು ಕಡೆ, ಹೆಂಡತಿ ಗೆದ್ದ ಹಿಗ್ಗು ಇನ್ನೊಂದು ಕಡೆ. ಹಿಗ್ಗೇ ದೊಡ್ಡದಿತ್ತು.

ಮರುದಿನ ಕ್ಷೌರ ಮುಗಿಸಿ ಬಂದು, ಬೇಲಿಗೆ ಬಿಟ್ಟುಬರೋಣವೆಂದು ಗೋಸುಂಬೆಯನ್ನು ಹೆಗಲ ಮೇಲೆ ಕೂಡಿಸಿಕೊಂಡು ಮಗ್ಗದ ಮುಂದೆ ಬಂದು ನಿಂತರು. ಹಾಸಿನ ಎಳೆಗಳಿಗೆ ಊದಲೆಂದು ಬಾಯ್ತುಂಬ ನೀರು ತುಂಬಿಕೊಂಡಿದ್ದ ಗುರುಲಿಂಗವ್ವ ತಲೆಯೆತ್ತಿದಳು. ಸಿಪ್ಪೆ ಸುಲಿದ ಬಟಾಟಿಯಂತೆ ಹೊಳೆಯುವ ಮೇಲ್ತುಟಿ! ನಗು ತಡೆಯಲಾಗದೆ 'ಫುರ್ರ್' ಎಂದು ಗಂಡನ ಮುಖದ ತುಂಬ ಊದಿಬಿಟ್ಟಳು.

ಮಾಸ್ತರರು ಒರೆಸಿಕೊಳ್ಳಲು ಕೈಯೆತ್ತಿದರು.

"ಒರಸಬ್ಯಾಡ್ರಿ! ಹಂಗs ನಿಂದರ್ರಿ!"

ಹೆಗಲ ಮೇಲಿನ ಗೋಸುಂಬೆ ಕತ್ತು ಚಾಚಿ, ಅವರ ಬೋಳು ತುಟಿಯ ಮೇಲಿನ ಹನಿಗಳನ್ನು ಒಂದೊಂದಾಗಿ ನೆಕ್ಕತೊಡಗಿತು. ಕಾಶಪ್ಪನವರು ಉಸಿರು ಬಿಗಿಹಿಡಿದು ಎದೆಯುಬ್ಬಿಸಿ ನಿಂತರು. ಅಂತೂ ಇಂತೂ ತಮ್ಮ ಕಡೆಯಿಂದ ಅದು ನೀರು ಕುಡಿಯಿತಲ್ಲ!

"ನೋಡ್ರಿ," ಎಂದಳು ಗುರುಲಿಂಗವ್ವ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಮೀಸಿ ಇದ್ದಿದ್ರ ಇದೊಂದು ಉಪಯೋಗಕ್ಕೂ ಬರತಿದ್ದಿಲ್ಲ ನೀವು!"